ಉಗ್ಗು ಬಾಯಿಯ ಪ್ರಾರ್ಥನೆ

ಕೊಪ್ಪದ ಬಸ್ ಸ್ಟ್ಯಾಂಡಿನ ಬಳಿ ಕೊಡೆ ರಿಪೇರಿ ಮಾಡುವ ವಲೇರಿಯಣ್ಣನಿಗೆ ಉಗ್ಗು. ಅವನು ತನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಶೃಂಗೇರಿ ಬಸ್ಸು ಹೊರಟುಹೋಗಿರುತ್ತದೆ. ಅಂಥವನೇ ನಮ್ಮ ಚರ್ಚಿನ ಮನೆಮನೆ ಪ್ರಾರ್ಥನೆಗೆ ಮುಂದಾಳು. ಅವನು ಆಮೆನ್ ಅನ್ನುವುದರೊಳಗೆ ಒಲೆಯ ಮೇಲಿನ ಹಲಸಿನ ಬೀಜ ಬೆಂದು, ಮಕ್ಕಳದ್ದು ಒಂದು ನಿದ್ದೆ ಆಗಿರುತ್ತದೆ. ‘ಬೇ... ಬೇರೆಯವ್ರಿಗೆ ಕೊಡಿ ಫಾದರ್’ ಎಂದು ಪ್ರತಿವರ್ಷ ಬೇಡಿಕೊಳ್ಳುತ್ತಾನೆ. ‘ದೇವರಿಗೆ ಅವಸರ ಇಲ್ಲ ಮಾರಾಯ, ನೀನೇ ಇರು’ ಎನ್ನುತ್ತಾರೆ ಫಾದರ್. ಮೊನ್ನೆ, ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಕಾಯಿಲೆಯ ತಾಯಿಯ ಹಾಸಿಗೆಯ ಆಚೀಚೆ ಮೊಣಕಾಲೂರಿದ್ದರು. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷ... ಕ್ಷ...’ ಎಂದು ವಲೇರಿಯಣ್ಣ ಎಂದಿನಂತೆ ಸಿಕ್ಕಿಕೊಂಡ. ಅವನ ಒದ್ದಾಟ ನೋಡಲಾರದೆ ಅಣ್ಣತಮ್ಮ ಇಬ್ಬರೂ ಒಟ್ಟಿಗೇ ‘ಕ್ಷಮಿಸುವಂತೆ’ ಎಂದರು. ಮುಂದಿನ ಸಾಲನ್ನು ವಲೇರಿಯಣ್ಣ ಒಬ್ಬನೇ ಹೇಳಬೇಕಾಯಿತು. ಉಳಿದವರೆಲ್ಲರ ಗಂಟಲು ಕಟ್ಟಿತ್ತು.