ಹಲೀಮಾಳ ಪುಟದಲ್ಲಿ ಮರೆಪ್ಪನ ಬೆನ್ನು

ನಸುಕಿನ ಫಜರ್ ನಮಾಜು ಮುಗಿಸಿದವರು ಕಲಬುರಗಿಯ ರೋಜಾ ಬಡಾವಣೆಯ ಬೀದಿಯಲ್ಲಿ ಚಹಾಕ್ಕೆ ನಿಂತಿದ್ದಾರೆ. ಇಮಾಮುದ್ದೀನ್ ಚಾಚಾ ತಮ್ಮ ಝೆರಾಕ್ಸ್ ಅಂಗಡಿಯ ಶಟರ್ ಅರ್ಧ ಎತ್ತುತ್ತಾರೆ. ಅಲ್ಲಿ ಕೆಲಸ ಮಾಡುವ ಹಲೀಮಾ ಬಗ್ಗಿ ಒಳಗೆ ಹೋಗಿ ಕಂಪ್ಯೂಟರ್ ಹಚ್ಚುತ್ತಾಳೆ. ಗಿರಾಕಿಗಳು ಬರುವ ತನಕ ಅದು ಅವಳದು. ಆಮೇಲೆ ದಿನವಿಡೀ ಆಧಾರ್ ಪ್ರಿಂಟು, ಲ್ಯಾಮಿನೇಶನ್, ಯಾರದೋ ಮರೆತುಹೋದ ಪಾಸ್‌ವರ್ಡು.

ಈ ಹೊತ್ತಿನಲ್ಲಿ ಅವಳು ಮಾಡುವ ಕೆಲಸ ಬೇರೆ. ಸ್ಕ್ಯಾನಿಂಗ್ ಸೆಂಟರಿನವರು ರೋಗಿಗಳ ಕೈಗೆ ಸಿ.ಡಿ. ಕೊಡುತ್ತಾರಲ್ಲ, ಅದರೊಳಗಿನ ಫೋಲ್ಡರನ್ನು ಬ್ರೌಸರಿನಲ್ಲೇ ತೆರೆದು ಚಿತ್ರಗಳನ್ನು ಸಾಲಾಗಿ ತೋರಿಸುವ ಪುಟವೊಂದನ್ನು ಅವಳು ಬರೆದಿದ್ದಾಳೆ. ಅದನ್ನೇ ತಿದ್ದುತ್ತ ಕೂತಿದ್ದಾಳೆ.

ಹಲೀಮಾ ಬಿ.ಸಿ.ಎ. ಓದಿದವಳು. ಅಪ್ಪ ದರ್ಜಿ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ. "ಬರಿಯೋದು ಮೊಬೈಲ್‌ನ್ಯಾಗ, ನಡೀತದೋ ಇಲ್ಲೋ ನೋಡೋದು ಇಲ್ಲಿ. ಹೆಬ್ಬೆರಳು ಭಾಳ ನೋಯ್ತದ್ರಿ" ಎಂದು ನಗುತ್ತಾಳೆ.

ಇದಕ್ಕೆಲ್ಲ ಕಾರಣ ಕಮಲಾಪುರದ ಸಣ್ಣ ದವಾಖಾನೆಯೊಂದರ ನರ್ಸ್ ಜಯದೇವಿ. ಎರಡು ವರ್ಷದ ಹಿಂದೆ ಸಿ.ಡಿ. ಹಿಡಿದು ಬಂದು, "ಇದರಾಗಿಂದು ಪ್ರಿಂಟ್ ಹಾಕಿ ಕೊಡವಾ" ಅಂದಿದ್ದರಂತೆ. ದವಾಖಾನೆಯ ಹಳೇ ಕಂಪ್ಯೂಟರಿನಲ್ಲಿ ಸಿ.ಡಿ.ಯ ಪ್ರೋಗ್ರಾಂ ನಡೆಯುತ್ತಿರಲಿಲ್ಲ. ಯಾವುದಾದರೂ ವೆಬ್‌ಸೈಟಿಗೆ ಹಾಕಿ ನೋಡಬಹುದಿತ್ತು. ಹಲೀಮಾ ಒಪ್ಪಲಿಲ್ಲ. "ಮಂದಿ ಮೈಯೊಳಗಿಂದು ಯಾರ್ಯಾರ ಕಡೀಗೋ ಯಾಕ ಹೋಗಬೇಕ್ರಿ?" ಅವಳ ಪುಟದಲ್ಲಿ ಚಿತ್ರಗಳು ಆ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅವಳ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಪುಟದಲ್ಲೊಂದು ಗುಂಡಿ ಇತ್ತು. ಅದನ್ನೊತ್ತಿ ಫೋಲ್ಡರ್ ಆರಿಸಿದರೆ ಬ್ರೌಸರ್ ತನ್ನ ರೂಢಿಯಂತೆ, ಎಲ್ಲ ಫೈಲುಗಳನ್ನು ಅಪ್‌ಲೋಡ್ ಮಾಡಲೇ ಎಂದು ಕೇಳುತ್ತಿತ್ತು. ಏನೂ ಹೊರಗೆ ಹೋಗದಿದ್ದರೂ ಅದರ ಮಾತೇ ಹಾಗೆ. ಜಯದೇವಿಯವರ ಮೈದುನನಿಗೆ ಫೋನ್ ವಂಚಕರು ಟೋಪಿ ಹಾಕಿದ್ದು ಆಗಿನ್ನೂ ಹಸಿ ಸುದ್ದಿ. "ಕಳಸ್ಲೇನು ಅಂತದ. ನಾ ಹ್ಞೂಂ ಅನ್ನಂಗಿಲ್ಲ" ಎಂದು ಪ್ರತಿಸಲವೂ ಬೇಡ ಒತ್ತುತ್ತಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಹಲೀಮಾ ವಾದಕ್ಕಿಳಿಯಲಿಲ್ಲ. ಗುಂಡಿ ತೆಗೆದು, ಫೋಲ್ಡರನ್ನು ಮೌಸಿನಿಂದ ಎಳೆದು ಪುಟದ ಮೇಲೆ ಬಿಟ್ಟರೆ ಸಾಕು ಎನ್ನುವ ಹಾಗೆ ಮಾಡಿದಳು. ಪ್ರಶ್ನೆಯೂ ಹೋಯಿತು, ಹೆದರಿಕೆಯೂ ಹೋಯಿತು.

ಈ ಮಳೆಗಾಲದಲ್ಲಿ ಮರೆಪ್ಪ ಬಂದ. ಕಮಲಾಪುರದಲ್ಲಿ ಕೆಂಪು ಬಾಳೆಗೊನೆಗಳನ್ನು ಗಾಡಿಗೆ ಏರಿಸುವವನು. ಕಾಲೆರಡೂ ಜೋಮು ಹಿಡಿದು ಹೆಂಡತಿ ಅಂಬಮ್ಮನ ಹೆಗಲ ಮೇಲೆ ಬಂದಿದ್ದ. ಜಯದೇವಿ ಸಿ.ಡಿ.ಯ ಫೋಲ್ಡರ್ ಎಳೆದು ಬಿಟ್ಟರು. ಕುತ್ತಿಗೆ ಕಂಡಿತು, ಎದೆಯ ಮಟ್ಟದ ಎಲುಬು ಕಂಡಿತು, ಸೊಂಟ ಮಾತ್ರ ಇಲ್ಲ. ಮಧ್ಯಾಹ್ನಕ್ಕೆ ಹೊರಡಬೇಕಿದ್ದ ಡಾಕ್ಟರು, ಕೆಳಗಿನ ಚಿತ್ರ ನೋಡದೆ ಏನೂ ಹೇಳಲಾರೆ ಎಂದರು. ಅಂಬಮ್ಮ ಇನ್ನೊಂದು ಸ್ಕ್ಯಾನಿಗೆ ಗಂಡನನ್ನು ಎಬ್ಬಿಸತೊಡಗಿದಳು.

ಜಯದೇವಿ ಫೋನ್ ಹಚ್ಚಿದರು. "ಹಲೀಮಾ, ಅರ್ಧಾ ಬೆನ್ನೇ ಅದ ನೋಡು. ಡಾಕ್ಟರ್ ಹೊಂಟಾರ."

ಅಂಗಡಿ ತುಂಬ ಗಿರಾಕಿಗಳು. ಚಾಚಾ ಎಲ್ಲರನ್ನೂ ಪಕ್ಕದಂಗಡಿಗೆ ಸಾಗಹಾಕಿ ಕುರ್ಚಿ ಬಿಟ್ಟುಕೊಟ್ಟರು. ಹಲೀಮಾ ತನ್ನ ಕೋಡನ್ನು ಸಾಲು ಸಾಲಾಗಿ ಓದತೊಡಗಿದಳು. ಕೊನೆಗೆ ತಪ್ಪು ಸಿಕ್ಕಿತು. ಹೀಗೆ ಎಳೆದು ಬಿಟ್ಟ ಫೋಲ್ಡರಿನಿಂದ ಆ ಬ್ರೌಸರ್ ಒಂದು ಸಲಕ್ಕೆ ನೂರು ಫೈಲು ಮಾತ್ರ ಕೊಡುತ್ತದೆ. ಮುಗಿಯಿತು ಅನ್ನುವ ತನಕ ಮತ್ತೆ ಮತ್ತೆ ಕೇಳಬೇಕು. ಅವಳ ಕೋಡ್ ಒಂದೇ ಸಲ ಕೇಳಿ ಸುಮ್ಮನಾಗಿತ್ತು. ಅಲ್ಲಿಯ ತನಕ ಬಂದ ಸಿ.ಡಿ.ಗಳೆಲ್ಲ ಸಣ್ಣವು, ಹಾಗಾಗಿ ಗೊತ್ತೇ ಆಗಿರಲಿಲ್ಲ.

"ದಾವತ್‌ನ್ಯಾಗ ಎರಡನೇ ಸಲ ನೀಡ್ರಿ ಅಂತ ಕೇಳಾಕಿ ಅಲ್ರಿ ನಮ್ಮ ಹುಡುಗಿ. ಕೋಡ್‌ಗೂ ಅದೇ ಅದಬ್, ಅದೇ ಮರ್ಯಾದಿ ಕಲಿಸ್ಯಾಳ" ಎಂದು ಚಾಚಾ ಈಗಲೂ ಕಾಡಿಸುತ್ತಾರೆ.

ತಿದ್ದಿದ್ದಾಯಿತು. ಜಯದೇವಿ ಪುಟವನ್ನು ಹೊಸದಾಗಿ ತೆರೆದು ಫೋಲ್ಡರ್ ಬಿಟ್ಟರು. ಸೊಂಟ ಬಂತು. ಚಪ್ಪಲಿ ಮೆಟ್ಟಿದ್ದ ಡಾಕ್ಟರು ಮರಳಿ ಕೂತು ನೋಡಿ, ಇವತ್ತೇ ಕಲಬುರಗಿಗೆ ಹೋಗಿ, ನಾಳೆ ಅನ್ನಬೇಡಿ ಎಂದರು. ಎರಡೇ ದಿನದಲ್ಲಿ ಆಪರೇಶನ್ ಆಯಿತು.

ಕಮಲಾಪುರದಲ್ಲಿ ನಾನು ಮರೆಪ್ಪನನ್ನು ನೋಡಿದೆ. ಗೊನೆ ಹೊರುವುದಿಲ್ಲ, ಗಾಡಿಗೆ ಏರಿಸಿದ್ದನ್ನು ಎಣಿಸುವ ಕೆಲಸಕ್ಕೆ ನಿಂತಿದ್ದಾನೆ. ನಿಂತಿದ್ದಾನೆ ಎಂದು ಬರೆಯುವುದಕ್ಕೇ ನನಗೆ ಖುಷಿ. "ಕಾಲು ನಂದಾ ಅಂತ ಈಗ ಗೊತ್ತಾಗ್ತದ್ರಿ" ಎಂದ.

ಹಲೀಮಾ ಈಗ ಪುಟದ ಕೆಳಗೆ ಫೋಲ್ಡರಿನಲ್ಲಿ ಎಷ್ಟು ಚಿತ್ರವಿದೆ, ಎಷ್ಟು ತೋರಿಸಿದೆ ಎಂದೂ ಹಾಕಿದ್ದಾಳೆ. ಇನ್ನೂ ನಾಲ್ಕು ಊರಿನ ದವಾಖಾನೆಗಳಿಗೆ ಇದು ಮುಟ್ಟಲಿ ಎಂಬುದು ಅವಳ ಆಸೆ. ಲೆಕ್ಕದ ಕೆಳಗೆ ಹೊಸದಾಗಿ ಇನ್ನೊಂದು ಸಾಲು ಇದೆ: 'ಹಲೀಮಾ, ರೋಜಾ', ಪಕ್ಕದಲ್ಲಿ ಫೋನ್ ನಂಬರ್. ಹೆಸರು ಬೇಕೆನಿಸಿತೇ ಎಂದು ಕೇಳಿದೆ.

"ಅವತ್ತು ಜಯದೇವಿ ಅಕ್ಕೋರ ಕಡೆ ನನ್ನ ನಂಬರ್ ಇತ್ತು, ಕೇಳಿದ್ರು. ಇಲ್ಲಂದ್ರ ಮರೆಪ್ಪನೋರು ಸಿ.ಡಿ.ನೇ ಕೆಟ್ಟದ ಅಂತ ಎದ್ದು ಹೋಗ್ತಿದ್ರು. ಇದು ನಾ ಬರೆದದ್ದು ಅದರಿ. ಅರ್ಧಾ ಕಂಡ್ರ ನನಗ ಬೈಬೇಕು."