ಗೇಟಿಗೆ ನೇತು ಹಾಕಿದ ಬ್ರಾಕೆಟ್

ಹೂಂಂಂ ಎನ್ನುವ ಆ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಾಗುತ್ತಿತ್ತು. ಲಾರಿ ಇನ್ನೂ ಹನೂರು ರಸ್ತೆಯ ತಿರುವಿನಲ್ಲಿರುವಾಗಲೇ ನನ್ನ ಮೇಜಿನ ಮೇಲೆ ಸ್ಟೀಲ್ ಲೋಟ ನಡುಗತೊಡಗುತ್ತಿತ್ತು. ಆರು ವರ್ಷದ ಹಿಂದಿನ ಮಾತು. ಆಗ ನಾನು ಕೊಳ್ಳೇಗಾಲದಲ್ಲಿ, ನಮ್ಮ ಯಜಮಾನರು ಬಿಟ್ಟುಹೋದ ಡೀಸೆಲ್ ವರ್ಕ್‌ಶಾಪಿನ ಪ್ರೊಪ್ರೈಟರ್. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ನೀಡಲ್‌ವರ್ಕ್ ಕಲಿತವಳು ಅರವತ್ತು ದಾಟಿದ ಮೇಲೆ ಲಾರಿಗಳ ಅಡಿ ಮಲಗುತ್ತಿದ್ದೆ. ಲೈಫ್ ಈಸ್ ಫನ್ನಿ.

ವರ್ಕ್‌ಶಾಪನ್ನು ನಾನೇ ನಡೆಸುವ ಹಟ ಹಿಡಿಸಿದವನು ನಂಜುಂಡ, ನಮ್ಮ ಹೆಡ್ ಮೆಕ್ಯಾನಿಕ್. ಯಜಮಾನರ ಹನ್ನೊಂದನೇ ದಿನದ ಕಾರ್ಯ ಮುಗಿಯುವಷ್ಟರಲ್ಲಿ ಇಬ್ಬರು ಫಿಟ್ಟರ್‌ಗಳನ್ನು ಕರೆದುಕೊಂಡು ರಸ್ತೆಯಾಚೆ ಸ್ವಂತ ಗ್ಯಾರೇಜ್ ತೆರೆದಿದ್ದ. ಇಪ್ಪತ್ತು ವರ್ಷ ನಮ್ಮ ಮನೆಯ ಊಟ ಉಂಡವನು. ಟೀ ಅಂಗಡಿಯಲ್ಲಿ ಕೂತು, "ಅಮ್ಮಾವ್ರು ಇಂಗ್ಲಿಸ್ ಪೇಪರ್ ಓದ್ಕಂಡಿರ್ಲಿ, ಲಾರಿ ನಮ್ಗೆ ಬುಟ್ಬುಡ್ಲಿ" ಅಂದನಂತೆ. ಅದನ್ನು ಮೂರು ಜನ ಬೇರೆ ಬೇರೆಯಾಗಿ ಬಂದು ನನಗೆ ವರದಿ ಮಾಡಿದರು. ಐ ನೆವರ್ ಫರ್ಗಾಟ್.

ಸದ್ದಿನ ಲಾರಿ ಯಳಂದೂರಿನ ಒಬ್ಬ ರೈಸ್ ಮಿಲ್ ಸಾವ್ಕಾರರದು. ಇಪ್ಪತ್ತೆರಡು ವರ್ಷದ ಹಳೇ ಗಾಡಿ. ಡ್ರೈವರ್ ಲೊಕ್ಕನಹಳ್ಳಿಯ ಮಾದಪ್ಪ. ನಂಜುಂಡ ಅದರ ಸೈಲೆನ್ಸರನ್ನು ಮೂರು ಸಲ ಬದಲಿಸಿದ್ದ, ಸದ್ದು ಹೋಗಿರಲಿಲ್ಲ. ಹಿಂದಿನ ವಾರ ರಾಮಾಪುರದ ಹತ್ತಿರ ಹಿಂದಿನಿಂದ ಬಂದ ಬಸ್ಸಿನ ಹಾರನ್ ಮಾದಪ್ಪನಿಗೆ ಕೇಳಿಸದೆ, ಬಸ್ಸು ಹಳ್ಳಕ್ಕಿಳಿಯುವುದು ಗೇಣಿನಲ್ಲಿ ತಪ್ಪಿತ್ತು. ಸಾವ್ಕಾರರು ನನಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು: "ತಪ್ಪು ಮೆಕ್ಯಾನಿಕ್‌ದೋ ಡ್ರೈವರ್‌ದೋ ನೋಡಿ ಹೇಳಿ ಮೇಡಂ. ಯಾರದೋ ಅವರು ಇನ್ನು ನನ್ನ ಗಾಡಿ ಮುಟ್ಟಬಾರದು."

ಮಾದಪ್ಪನ ಪಕ್ಕ ಕೂತು ಹನೂರಿನ ತನಕ ಹೋಗಿಬಂದೆ. ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಹಳೇ ಡೀಸೆಲ್ ಲಾರಿಯಲ್ಲಿ ಸದ್ದು ಎರಡು. ಒಂದು, ಹೊಗೆ ಕೊಳವೆಯಿಂದ ಊರಿಗೆಲ್ಲ ಕೇಳುವ ಎಕ್ಸಾಸ್ಟ್ ಸದ್ದು. ಇನ್ನೊಂದು, ಕ್ಯಾಬಿನ್ ಒಳಗೆ ಮಾತ್ರ ಗುಂಯ್‌ಗುಡುವ ಡ್ರೋನ್. ಎಂಜಿನ್ 1,500 ಆರ್‌ಪಿಎಂ ಮುಟ್ಟುತ್ತಲೇ ಇಡೀ ಕ್ಯಾಬಿನ್ ತಮಟೆಯಾಗುತ್ತಿತ್ತು. ನನ್ನ ಡೆಸಿಬಲ್ ಮೀಟರ್ 94 ತೋರಿಸಿತು. ದಿನವಿಡೀ 85 ದಾಟಿದರೆ ಕಿವಿ ಹಾಳು.

"ಏನಪ್ಪಾ ಮಾದಪ್ಪ, ತಲೆ ನೋಯಲ್ವಾ?" ಅಂತ ಕೂಗಿದೆ.

"ಏನವ್ವಾ?" ಅಂದ.

"ತಲೆ!"

"ಊಟ ಆಯ್ತು ಕಣವ್ವ, ನಿಮ್ದು?"

ನಗು ಬಂತು. ಆಮೇಲೆ ಬರಲಿಲ್ಲ.

ವಾಪಸ್ ಬಂದು ಅಡಿ ಮಲಗಿ ಟಾರ್ಚ್ ಹಿಡಿದೆ. ಎಕ್ಸಾಸ್ಟ್ ಪೈಪು ರಬ್ಬರ್ ಹ್ಯಾಂಗರಿನಲ್ಲಿ ತೂಗಬೇಕು, ಎಂಜಿನ್ ಬಳಿ ಬಾಗುವ ಫ್ಲೆಕ್ಸಿಬಲ್ ತುಂಡು ಇರಬೇಕು. ಆಗ ಎಂಜಿನ್ನಿನ ನಡುಕ ಚಾಸಿಗೆ, ಅಂದರೆ ಲಾರಿಯ ಕಬ್ಬಿಣದ ಚೌಕಟ್ಟಿಗೆ, ದಾಟುವುದಿಲ್ಲ. ಇಲ್ಲಿ ಎರಡೂ ಇಲ್ಲ. ಕಬ್ಬಿಣದ ಬ್ರಾಕೆಟ್ ಇಟ್ಟು ಪೈಪನ್ನು ಸೀದಾ ಚಾಸಿಗೆ ವೆಲ್ಡ್ ಮಾಡಲಾಗಿತ್ತು. ಮೀನಿನ ಮುಳ್ಳಿನ ಹಾಗೆ ಕೂರುವ ಆ ವೆಲ್ಡಿಂಗ್ ಗೆರೆ ನಂಜುಂಡನದೇ. ನನ್ನ ಎದೆ ಹಾಡಿತು.

ಬ್ರಾಕೆಟ್ ಕತ್ತರಿಸಿ ತೆಗೆದೆ. ತಂತಿ ಕಟ್ಟಿ, ಟೀ ಅಂಗಡಿಗೆ ಹೋಗುವವರಿಗೆಲ್ಲ ಕಾಣುವ ಹಾಗೆ ನನ್ನ ಗೇಟಿಗೆ ನೇತು ಹಾಕಿದೆ. ಕೆಳಗೆ ರಟ್ಟಿನ ಮೇಲೆ ಬರೆದೆ: 'ಮಾಡಿದವರು ಗುರುತಿಸಿ ತೆಗೆದುಕೊಂಡು ಹೋಗಬಹುದು.' ಮಧ್ಯಾಹ್ನದೊಳಗೆ ಅರ್ಧ ಊರು ನಿಂತು ಓದಿತ್ತು. ನಂಜುಂಡ ರಸ್ತೆಯಾಚೆ ಕೈ ಒರೆಸುತ್ತ ನಿಂತು ನೋಡಿದ. ಆಮೇಲೆ ಒಳಗೆ ಹೋದ.

ಫ್ಲೆಕ್ಸಿಬಲ್ ತುಂಡು, ರಬ್ಬರ್ ಹ್ಯಾಂಗರ್, ಒಳಗೆ ಸರಿಯಾದ ತಡೆಗಳಿರುವ ಸೈಲೆನ್ಸರ್ ಎಲ್ಲ ಹಾಕಿದೆ. ಹೊರಗಿನ ಸದ್ದು ಇಳಿಯಿತು. ಕ್ಯಾಬಿನ್ನಿನಲ್ಲಿ ಮೀಟರ್ ಇನ್ನೂ 90! ಗೇಟಿನಲ್ಲಿ ಬ್ರಾಕೆಟ್ ತೂಗುತ್ತಿದೆ, ಒಳಗೆ ಡ್ರೋನ್ ಹಾಗೇ ಇದೆ. ಸಿಸ್ಟರ್ ಇದ್ದಿದ್ದರೆ "ಪ್ರೈಡ್, ಮೈ ಚೈಲ್ಡ್" ಅನ್ನುತ್ತಿದ್ದರು.

ಮಾದಪ್ಪ ಊಟದ ಕ್ಯಾರಿಯರ್ ಇಳಿಸಿದಾಗ ಗೊತ್ತಾಯಿತು. ಡ್ರೈವರ್ ಪಕ್ಕದಲ್ಲೇ ಎಂಜಿನ್ ಮುಚ್ಚುವ ಕವರಿಗೆ ಇವರೆಲ್ಲ ಬಾನೆಟ್ ಅನ್ನುತ್ತಾರೆ. ಕ್ಯಾರಿಯರ್ ಇಡುವುದು ಅದರ ಮೇಲೇ. ಸಾರಿನಿಂದ ಹಬೆ ಏಳುತ್ತಿತ್ತು.

"ಇಷ್ಟು ಬಿಸಿ ಹೇಗಯ್ಯಾ?"

ಅವನು ತಲೆ ಕೆರೆದುಕೊಂಡ. "ಒಳ್ಗೆ ಕಂಬ್ಳಿ ಅಂಗೆ ಇತ್ತಲ್ಲವ್ವ, ಅದ್ಕೆ ಮುದ್ದೆ ಬಿಸಿನೇ ಆಯ್ತಿರ್ನಿಲ್ಲ. ಕಿತ್ತಾಕ್ಬುಟ್ಟೆ."

ಸದ್ದು ಹೀರಲೆಂದೇ ಇದ್ದ ಫೆಲ್ಟು ಅದು. ಬಿಸಿ ಮುದ್ದೆಗಾಗಿ ತನ್ನ ಕಿವಿಯನ್ನೇ ಕಿತ್ತು ಎಸೆದಿದ್ದ. "ಸಾವ್ಕಾರ್ರಿಗೆ ಏಳ್ಬ್ಯಾಡಿ ಅವ್ವಾ, ನಿಮ್ ದಮ್ಮಯ್ಯ" ಅಂದ. ಸ್ಟಿಯರಿಂಗ್ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದವನು.

ದಪ್ಪ ಫೆಲ್ಟ್ ಎರಡು ಪದರ ಮಾಡಿ, ಅಂಚಿಗೆ ಕ್ಯಾನ್ವಾಸ್ ಇಟ್ಟು ದಬ್ಬಳದಲ್ಲಿ ನಾನೇ ಹೊಲಿದೆ, ಕಾನ್ವೆಂಟಿನ ಬ್ಲ್ಯಾಂಕೆಟ್ ಸ್ಟಿಚ್. ಉಳಿದ ತುಂಡಿನಲ್ಲಿ ಅವನ ಕ್ಯಾರಿಯರಿಗೂ ಒಂದು ಚೀಲ. ಮೀಟರ್ 81ಕ್ಕೆ ಇಳಿಯಿತು.

ಸಾವ್ಕಾರರು ಬಂದರು. "ಹಂಗಾದ್ರೆ ಡ್ರೈವರ್‌ದು ತಪ್ಪಿಲ್ಲ ಅನ್ನಿ?"

ನಾನು ಬಾಯಿ ಬಿಡದೆ ಗೇಟಿನ ಕಡೆ ಕೈ ತೋರಿಸಿದೆ. ಅವತ್ತಿನಿಂದ ಮಿಲ್ಲಿನ ನಾಲ್ಕೂ ಲಾರಿಗಳು ನನ್ನ ಬಳಿ ಬಂದವು. ನಂಜುಂಡನ ಫಿಟ್ಟರ್‌ಗಳೂ ಒಬ್ಬೊಬ್ಬರಾಗಿ ವಾಪಸ್ ಬಂದರು. ಎರಡು ವರ್ಷಕ್ಕೆ ಅವನು ಬಾಗಿಲು ಹಾಕಿದ. ಪಾಪ ಅನ್ನಿಸಿತಾ? ಇಲ್ಲ. ಸ್ವೀಟ್ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಈ ಕೆಲಸ ಕಲಿಸಿದ್ದು ಇಷ್ಟು: ಸದ್ದಿಗೆ ಒಂದೇ ಕಾರಣ ಇರುವುದಿಲ್ಲ. ಸಿಕ್ಕ ಮೊದಲ ಕಾರಣ ನಿಮಗೆ ತುಂಬಾ ಇಷ್ಟವಾಯಿತೋ, ಇನ್ನೊಂದು ಸಲ ಟಾರ್ಚ್ ಹಿಡಿಯಿರಿ.

ಹೋದ ವರ್ಷ ನಾನೂ ವರ್ಕ್‌ಶಾಪ್ ಮುಚ್ಚಿದೆ. ಆ ದಿನ ನಂಜುಂಡ ಹಳೇ ಮೊಪೆಡ್‌ನಲ್ಲಿ ಬಂದ. ಐದು ವರ್ಷದಿಂದ ಅಲ್ಲೇ ತೂಗುತ್ತಿದ್ದ ಬ್ರಾಕೆಟನ್ನು ಗೇಟಿನಿಂದ ಬಿಚ್ಚುತ್ತಾ ಅಂದ:

"ರಬ್ಬರ್ ಆಕುದ್ರೆ ಆ ರೋಡ್ನಲ್ಲಿ ಕಿತ್ಕಂಡ್ ಬೀಳ್ತಿತ್ತು ಅಂತ ವೆಲ್ಡ್ ಮಾಡ್ದೆ. ತಪ್ಪು ನಂದೇ, ಅಮ್ಮಾವ್ರೇ. ಆದ್ರೆ ಬಾನೆಟ್ ಒಳ್ಗಿನ್ ಫೆಲ್ಟ್ನ ಮಾದಪ್ಪ ಕಿತ್ತಾಕಿದ್ದು ನಂಗೂ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವ್ಯಾಕೆ ಬುಡ್ನಿಲ್ಲ?"

ಅವನು ಮೊಪೆಡ್ ಹತ್ತಿದ. ಬ್ರಾಕೆಟನ್ನು ಕಾಲ ಬಳಿ ಇಟ್ಟುಕೊಂಡು ಹೊರಟ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಕಟಕಟ ಸದ್ದು ತಿರುವಿನ ತನಕ ಕೇಳಿಸಿತು. ಅದರ ಕೆಳಗೆ ಒಂದು ಚೂರು ಫೆಲ್ಟ್ ಇಡು ಮಾರಾಯ ಅಂತ ಕೂಗಬೇಕೆನಿಸಿತು. ಕೂಗಲಿಲ್ಲ. ಅವನನ್ನು ನೋಡಿದ್ದು ಅದೇ ಕೊನೆ.