ಅಕ್ಕ ನುಂಗಿದ ಮಾತು

ನನ್ನ ಓರಗಿತ್ತಿ ಹಾಸಿಗೆ ಹೊಲಿಯುವವಳು. ಬೀದಿಗೆಲ್ಲ ಅವಳು ಹಾಸಿಗೆಯಮ್ಮ, ನನಗೆ ಅಕ್ಕ. ಭಾವನವರು ತೀರಿಕೊಂಡ ಮೇಲೂ ಅಂಗಡಿಯ ಬಾಗಿಲು ಹೆಚ್ಚು ದಿನ ಮುಚ್ಚಿರಲಿಲ್ಲ. ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ, ದಬ್ಬಣದಲ್ಲಿ ಹೊಲಿದು ಕೊಡುತ್ತಾಳೆ. ಅವಳ ನಾಲಿಗೆ ಆ ದಬ್ಬಣಕ್ಕಿಂತ ಚೂಪು. ನಾನೂ ಕಡಿಮೆಯವಳಲ್ಲ, ಅದಕ್ಕೇ ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದೇವೆ.

ಹಳೆ ಹಾಸಿಗೆ ಬಿಚ್ಚಿದಾಗಲೆಲ್ಲ ಅವಳಿಗೆ ಸೀನು, ಕಣ್ಣುರಿ, ಎದೆಯಲ್ಲಿ ಕುಯ್ ಕುಯ್ ಸದ್ದು. ಕೇಳಿದರೆ ಏನಿಲ್ಲ ಅನ್ನುತ್ತಿದ್ದಳು. ಅವಳಿಗೆ ಯಾವತ್ತೂ ಏನೂ ಇರುವುದಿಲ್ಲ. ಕೊನೆಗೆ ನಾನೇ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ವೈದ್ಯರು ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ ಸೂಜಿಯಿಂದ ಚುಚ್ಚಿದರು. ಒಂದು ಕಡೆ ಮಾತ್ರ ದಪ್ಪಗೆ ದದ್ದು ಎದ್ದಿತು.

"ಇದು ಧೂಳಿನ ಹುಳದ ಅಲರ್ಜಿ. ಕಣ್ಣಿಗೆ ಕಾಣಲ್ಲ, ಹಾಸಿಗೆ ದಿಂಬಿನಲ್ಲೆಲ್ಲ ಇರುತ್ತೆ. ಎಲ್ಲರ ಮನೇಲೂ ಇರುತ್ತೆ" ಎಂದರು.

ಮೆಟ್ಟಿಲಿಳಿಯುವಾಗ ಅಕ್ಕ ನಡುವೆಯೇ ನಿಂತಳು.

"ಹುಳ ಅನ್ನೋ ಮಾತು ಇಲ್ಲೇ ಬಿಟ್ಟು ಹೋಗೋಣ ಕಣೇ. ಹಾಸಿಗೆಯಮ್ಮನ ಅಂಗಡೀಲಿ ಹುಳ ಅಂತ ಗೊತ್ತಾದ್ರೆ ನಾಳೆಯಿಂದ ನಾನು ನೊಣ ಹೊಡೀತಾ ಕೂರಬೇಕು."

"ಎಲ್ಲರ ಮನೇಲೂ ಇರುತ್ತೆ ಅಂದ್ರಲ್ಲ ಅಕ್ಕಾ."

"ಹೂಂ, ಎಲ್ಲರ ಮನೆಗೂ ನನ್ನ ಅಂಗಡಿಯಿಂದ್ಲೇ ಹೋಯ್ತು ಅಂತಾರೆ. ಧೂಳು ಅಂದ್ರೆ ಸಾಕು. ಧೂಳಿಗೆ ಮರ್ಯಾದೆ ಇದೆ."

ಅಂದಿನಿಂದ ಅದು ಬರೀ ಧೂಳಾಯಿತು. ಗಿರಾಕಿಗಳಿಗೆ ಧೂಳು, ನೆಂಟರಿಗೆ ಧೂಳು, ಹೆತ್ತ ಮಗನಿಗೂ ಧೂಳು. ಊರವರ ಕಣ್ಣಿಗೆ ಮಣ್ಣೆರಚುವುದು ಅಂದರೆ ಇದೇ ಎಂದು ನಾನು ಛೇಡಿಸುತ್ತಿದ್ದೆ, ಅವಳು ಸೀನುತ್ತಲೇ ನಗುತ್ತಿದ್ದಳು.

ತಮಾಷೆ ನೋಡಿ, ಅಮ್ಮ ಬಚ್ಚಿಟ್ಟ ಪದವೇ ಮಗನ ಬಂಡವಾಳವಾಯಿತು. ಬೀದಿಯ ಕೊನೆಯಲ್ಲೊಂದು ಕೋಣೆ ಹಿಡಿದು ಅವನು ಹಿಟ್ಟಿನ ಹುಳ ಸಾಕತೊಡಗಿದ. ತಟ್ಟೆಗಳ ತುಂಬ ತೌಡು, ತೌಡಿನ ತುಂಬ ಹಳದಿ ಹುಳ. ಅವನ್ನು ಹುರಿದು, ಪುಡಿ ಮಾಡಿ, ಆ ಹಿಟ್ಟಿನಲ್ಲಿ ಬಿಸ್ಕತ್ತು ಮಾಡುತ್ತೇನೆ, ಮಾಂಸದಷ್ಟೇ ಶಕ್ತಿ ಇದೆ ಎಂದ. ಅಕ್ಕ ಮೊದಲು ಮುಖ ತಿರುಗಿಸಿದಳು, ಆಮೇಲೆ ಮಗನಲ್ಲವೇ ಎಂದು ಸುಮ್ಮನಾದಳು. ಆ ಕೋಣೆಗೆ ಮಾತ್ರ ಅವನು ಅವಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಹಿಟ್ಟನ್ನು ಜರಡಿ ಹಿಡಿದು, ಮತ್ತೆ ತೆಳುವಾದ ಬಟ್ಟೆಯಲ್ಲಿ ಸೋಸುತ್ತಿದ್ದ. ಏನೋ ನಿನ್ನ ನಾಜೂಕು ಎಂದು ನಾನು ಹಂಗಿಸಿದರೆ ನಕ್ಕು ಇನ್ನೊಮ್ಮೆ ಸೋಸುತ್ತಿದ್ದ.

ದೊಡ್ಡ ಅಂಗಡಿಯೊಂದಕ್ಕೆ ಸಾಮಾನು ಆರಿಸುವ ಹೆಂಗಸೊಬ್ಬಳು ರುಚಿ ನೋಡಲು ಬರುತ್ತಾಳೆ ಎಂದಾಗ ಮನೆಯಲ್ಲಿ ಯಾರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳು ಒಪ್ಪಿದರೆ ಹುಡುಗನ ಬಿಸ್ಕತ್ತು ಅಂಗಡಿಯ ಕಪಾಟು ಹತ್ತುತ್ತದೆ. ಒಪ್ಪದಿದ್ದರೆ ಕೋಣೆ ಖಾಲಿ ಮಾಡಬೇಕು. ಮಧ್ಯಾಹ್ನ ನಮ್ಮ ನಡುಮನೆಯ ಮೇಜಿನ ಮೇಲೆ ಬಿಳಿ ತಟ್ಟೆ, ತಟ್ಟೆಯಲ್ಲಿ ಬಿಸ್ಕತ್ತು. ಬಂದವಳು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳೇ ಹೊರತು ಬಾಯಿಗಿಡಲಿಲ್ಲ.

ಅದುವರೆಗೆ ಒಂದನ್ನೂ ತಿಂದಿರದ ಅಕ್ಕನಿಗೆ ತಡೆಯಲಾಗಲಿಲ್ಲ. "ನನ್ನ ಮಗ ಮಾಡಿದ್ದು. ನೋಡಿ, ನಾನೇ ತಿಂತೀನಿ" ಎಂದು ಒಂದನ್ನು ಕಚ್ಚಿದಳು, ನುಂಗಿದಳು, ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡಳು. "ಕರುಮ್ ಅನ್ನುತ್ತೆ!"

ಬಂದವಳು ಮೆಚ್ಚಿ ತಲೆದೂಗಿದಳು. ಆಮೇಲೆ ಹುಡುಗನ ಕಡೆ ತಿರುಗಿ, "ಒಂದು ವಿಷಯ ಕೇಳ್ಬೇಕಿತ್ತು. ಸೀಗಡಿ ಆಗದವರಿಗೆ ಇದೂ ಆಗದೆ ಇರಬಹುದು. ಧೂಳಿನ ಹುಳದ ಅಲರ್ಜಿ ಇರೋರೂ ಜೋಪಾನವಾಗಿರಬೇಕು. ಪೊಟ್ಟಣದ ಮೇಲೆ ಹಾಕಿದೀರಾ?" ಎಂದಳು.

ನಾನು ಅಕ್ಕನ ಕೈಯಲ್ಲಿದ್ದ ತುಂಡಿನ ಕಡೆ ನೋಡಿದೆ.

"ಸೀಗಡಿ ವಿಷಯ ಹಾಕಿದೀನಿ, ಅದನ್ನೂ ಹಾಕ್ತೀನಿ ಮೇಡಂ" ಎಂದ ಹುಡುಗ. "ನಮ್ಮ ಮನೇಲಂತೂ ಯಾರಿಗೂ ಹುಳದ ತೊಂದರೆ ಇಲ್ಲ. ಅಮ್ಮನಿಗೆ ಬರೀ ಧೂಳು."

ನಾನು ಅಕ್ಕನನ್ನು ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ನಾಲಿಗೆಯಿಂದ ಅಂಗುಳ ಉಜ್ಜಿಕೊಳ್ಳುತ್ತಿದ್ದಳು. ಬಾಯೊಳಗೆ ತುರಿಕೆ ಶುರುವಾಗಿದೆ ಎಂದು ನನಗೆ ತಿಳಿಯಿತು. ಹುಡುಗ ದರದ ಮಾತಿಗಿಳಿದಿದ್ದ. ನಾನು ಬಾಯಿ ತೆರೆಯಹೋದರೆ ಅಕ್ಕ ಕಣ್ಣಲ್ಲೇ ಗದರಿದಳು. ಕೈಯಲ್ಲಿ ಉಳಿದಿದ್ದ ತುಂಡನ್ನು ಸೆರಗಿನ ಮರೆಗೆ ಸರಿಸಿ, ನಗುವನ್ನು ಮಾತ್ರ ಮುಖದ ಮೇಲೆ ಹಾಗೇ ಇಟ್ಟುಕೊಂಡಳು. ಅವಳ ಕುತ್ತಿಗೆಯ ಮೇಲೆ ಕೆಂಪು ದದ್ದು ಏಳುತ್ತಿತ್ತು. ಕೆಳತುಟಿ ಊದತೊಡಗಿತು.

"ಅಕ್ಕಾ, ಏನಾಗ್ತಿದೆ?"

"ಏನಿಲ್ಲ ಕಣೇ" ಎಂದಳು. ಧ್ವನಿ ಅವಳದಾಗಿರಲಿಲ್ಲ. ಕೊಳವೆಯೊಳಗಿಂದ ಬಂದ ಹಾಗಿತ್ತು. ಮುಂದಿನ ಉಸಿರಿಗೆ ಅವಳ ಹೆಗಲುಗಳು ಕಿವಿಯವರೆಗೆ ಏರಿದವು.

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೆ, ಅವಳ ಅಂಗಡಿಯ ಮೇಲೆ, ಆ ಹಾಳು ಮರ್ಯಾದೆಯ ಮೇಲೆ. "ಹುಳ ಕಣೋ!" ಎಂದು ಕಿರುಚಿದೆ. "ನಿಮ್ಮಮ್ಮನಿಗೆ ಧೂಳಲ್ಲ, ಧೂಳಿನ ಹುಳ ಆಗಲ್ಲ! ಗಾಡಿ ತೆಗಿ!"

ಅವನು ಮೊದಲು ನನ್ನನ್ನು ನೋಡಿದ, ಆಮೇಲೆ ತಟ್ಟೆಯನ್ನು. ಗಾಡಿ ತಂದವಳು ರುಚಿ ನೋಡಲು ಬಂದಿದ್ದ ಆ ಹೆಂಗಸೇ. ದಾರಿಯುದ್ದಕ್ಕೂ ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು. ಅವಳ ಹಿಡಿತ ಸಡಿಲವಾದಾಗಲೆಲ್ಲ ನಾನು ಅವಳನ್ನು ಬಾಯಿಗೆ ಬಂದಂತೆ ಬೈದೆ. ಬೈದರೆ ಎದುರುತ್ತರ ಕೊಡಲಾದರೂ ಉಸಿರಾಡುತ್ತಾಳೆ ಎಂಬ ಆಸೆ ನನಗೆ.

ಆಸ್ಪತ್ರೆಯಲ್ಲಿ ತೊಡೆಗೆ ಚುಚ್ಚುಮದ್ದು ಕೊಟ್ಟು, ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದರು. ಉಸಿರು ಸ್ವಲ್ಪ ಸ್ವಲ್ಪವಾಗಿ ಹಳಿಗೆ ಬಂತು. ಅಲ್ಲಿದ್ದ ವೈದ್ಯೆ ಹೇಳಿದಳು: "ಧೂಳಿನ ಹುಳಕ್ಕೂ ಸೀಗಡಿಗೂ ಈ ತಿನ್ನೋ ಹುಳಕ್ಕೂ ದೂರದ ನೆಂಟಸ್ತಿಕೆ. ಒಂದಕ್ಕೆ ಮುನಿಯೋ ಮೈ ಇನ್ನೊಂದಕ್ಕೂ ಮುನಿಯಬಹುದು. ಎಲ್ಲರಿಗೂ ಹೀಗಾಗಲ್ಲ. ಆದರೆ ಯಾರಿಗೆ ಆಗುತ್ತೆ ಅಂತ ತಿಂದು ನೋಡೋದಲ್ಲ, ಮೊದಲೇ ಕೇಳ್ಬೇಕು. ಹುರಿದ್ರೂ ಬೇಯಿಸಿದ್ರೂ ಇದು ಪೂರ್ತಿ ಹೋಗಲ್ಲ."

"ಸೋಸಿದ್ರೆ?" ಎಂದ ಹುಡುಗ.

"ಸೋಸಿದ್ರೂ ಅಷ್ಟೇ. ಅಲರ್ಜಿ ತರೋದು ಹುಳದ ಮೈಯೊಳಗೇ ಇರುತ್ತಲ್ಲ."

ಅವನು ಗೋಡೆಗೊರಗಿ ಕುಸಿದು ಕುಳಿತ. "ನಾನು ಎರಡೆರಡು ಸಲ ಸೋಸ್ತಿದ್ದೆ ಚಿಕ್ಕಮ್ಮ. ಅಮ್ಮನಿಗೂ ತಿನ್ನೋ ಹಾಗಿರಲಿ, ಒಂದು ಚೂರೂ ಧೂಳು ಇರಬಾರದು ಅಂತ."

ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಬಂದಿದೆ ಅಂದುಕೊಂಡಿದ್ದೆವು. ಮುಖವಾಡದ ಅಂಚಿನಲ್ಲಿ ಕಣ್ಣೀರು ಇಳಿಯುತ್ತಿತ್ತು.

ಸಂಜೆ ಬೀದಿಯ ಅರ್ಧ ಜನ ನೋಡಲು ಬಂದರು. ಹಿಂದಿನ ವಾರವಷ್ಟೇ ಮನೆಯ ಹಾಸಿಗೆಗಳನ್ನೆಲ್ಲ ಹೊಲಿಸಿಕೊಂಡು ಹೋಗಿದ್ದ ಮೇಷ್ಟರ ಹೆಂಡತಿ ಮುಂದೆ ನಿಂತಿದ್ದಳು. "ಪಾಪ, ಮತ್ತೆ ಆ ಧೂಳೇ ಏನಪ್ಪಾ?" ಎಂದು ಹುಡುಗನನ್ನು ಕೇಳಿದಳು.

ಅವನು ತಾಯಿಯ ಮುಖ ನೋಡಿದ. ಅಮ್ಮನ ಅಂಗಡಿ ಉಳಿಸುವ ಮಾತು ಯಾವುದು ಎಂದು ಈಗ ಅವನಿಗೂ ಗೊತ್ತಿತ್ತು. "ಹೌದು, ಧೂ..." ಎಂದು ಶುರು ಮಾಡಿದ.

ಅಕ್ಕ ಊದಿಕೊಂಡ ಕೈಯಿಂದ ಮುಖವಾಡ ಕೆಳಗೆಳೆದಳು.

"ಹುಳ" ಎಂದಳು. "ಧೂಳಿನ ಹುಳ. ನನ್ನ ಅಂಗಡೀಲೂ ಇದೆ, ನಿಮ್ಮ ಹಾಸಿಗೇಲೂ ಇದೆ. ನನ್ನ ಮಗನ ತಪ್ಪೇನಿಲ್ಲ. ನಾನೇ ಅವನಿಗೆ ಹೇಳಿರಲಿಲ್ಲ."

ಮೇಷ್ಟರ ಹೆಂಡತಿ ಹಾಸಿಗೆಯ ಅಂಚಿನಿಂದ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದಳು. ಹುಡುಗ ಒಂದು ಹೆಜ್ಜೆ ಮುಂದೆ ಬಂದು, ಅಮ್ಮನ ಮುಖವಾಡವನ್ನು ಮತ್ತೆ ಸರಿಯಾಗಿ ಕೂರಿಸಿದ.